ಒಹಾಯೋ ಗವರ್ನರ್ ಚುನಾವಣೆ: ಯಾರ್ಯಾರು ನಿಂತಿದಾರೆ, ಗೆದ್ದವರ ಕೈಗೆ ಏನೇನು ಬರುತ್ತೆ

ವಿವೇಕ್ ರಾಮಸ್ವಾಮಿ ಹೆಸರು ಕಳೆದ ಒಂದು ವರ್ಷದಿಂದ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡ್ತಾನೇ ಇದೆ, "ನಮ್ಮ ಕಡೆ ಹುಡುಗ ಅಮೆರಿಕದಲ್ಲಿ ಗವರ್ನರ್ ಆಗ್ತಾನಂತೆ" ಅಂತ. ಅವರ ಅಪ್ಪ ಅಮ್ಮ ಕೇರಳದಿಂದ ಹೋದವರು, ಮನೆಮಾತು ತಮಿಳು, ಕನ್ನಡದ ಜೊತೆ ಇರೋ ನಂಟು ಅಂದ್ರೆ ಅವರ ತಾಯಿ ಡಾಕ್ಟರ್ ಓದಿದ್ದು ನಮ್ಮ ಮೈಸೂರು ಮೆಡಿಕಲ್ ಕಾಲೇಜಲ್ಲಿ. ಸರಿ, ಆದ್ರೆ ಈ ಮೆಸೇಜ್ ಫಾರ್ವರ್ಡ್ ಮಾಡೋರಲ್ಲಿ ಎಷ್ಟೋ ಜನಕ್ಕೆ ಗವರ್ನರ್‌ನ ಯಾಕೆ ಓಟು ಹಾಕಿ ಆರಿಸ್ತಾರೆ, ಎದುರಿಗೆ ನಿಂತಿರೋದು ಯಾರು, ಗೆದ್ದ ಮೇಲೆ ಆ ಮನುಷ್ಯ ಏನು ಮಾಡಬಹುದು ಏನು ಮಾಡಕ್ಕಾಗಲ್ಲ ಅನ್ನೋದು ಗೊತ್ತಿಲ್ಲ. ಕೊಲಂಬಸ್, ಸಿನ್ಸಿನಾಟಿ, ಕ್ಲೀವ್‌ಲ್ಯಾಂಡ್ ಕಡೆ ಮಕ್ಕಳು ಮೊಮ್ಮಕ್ಕಳು ಇರೋ ಮನೆಗಳಿಗಂತೂ ಇದು ಬರೀ ಸುದ್ದಿ ಅಲ್ಲ, ಅಲ್ಲಿನ ಮನೆ ತೆರಿಗೆ, ಮಕ್ಕಳ ಸ್ಕೂಲು ಎರಡಕ್ಕೂ ಇದು ನೇರವಾಗಿ ತಾಗುತ್ತೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ದಿನಾಂಕ ಮೊದಲೇ ಹೇಳಿಬಿಡ್ತೀನಿ. ಪಾರ್ಟಿ ಒಳಗಿನ ಚುನಾವಣೆ, ಅದಕ್ಕೆ ಪ್ರೈಮರಿ ಅಂತಾರೆ, 2026ರ ಮೇ 5ಕ್ಕೆ. ಮುಖ್ಯ ಚುನಾವಣೆ ನವೆಂಬರ್ 3ಕ್ಕೆ.

ಅಲ್ಲಿನ ಗವರ್ನರ್ ಮಾಡೋದು ಇಲ್ಲಿನ ಸಿಎಂ ಕೆಲಸ

ನಮ್ಮ ರಾಜ್ಯಪಾಲರನ್ನ ರಾಷ್ಟ್ರಪತಿಗಳು ನೇಮಿಸ್ತಾರೆ, ಅಂದ್ರೆ ಕೇಂದ್ರ ಸರ್ಕಾರ ಹೇಳಿದವರು ರಾಜಭವನಕ್ಕೆ ಬರ್ತಾರೆ, ದಿನನಿತ್ಯದ ಆಡಳಿತ ನಡೆಸೋದು ಮುಖ್ಯಮಂತ್ರಿ. ಅಮೆರಿಕದಲ್ಲಿ ರಾಜ್ಯಕ್ಕೆ ಮುಖ್ಯಮಂತ್ರಿ ಅಂತ ಬೇರೆ ಯಾರೂ ಇಲ್ಲ, ಆ ಕೆಲಸ ಪೂರ್ತಿ ಮಾಡೋದು ಗವರ್ನರ್ರೇ. ಅವರನ್ನ ವಾಷಿಂಗ್ಟನ್ನು ನೇಮಿಸೋ ಹಾಗೂ ಇಲ್ಲ ತೆಗೆಯೋ ಹಾಗೂ ಇಲ್ಲ, ಅಧ್ಯಕ್ಷರಿಗೆ ಎಷ್ಟೇ ಕೋಪ ಬಂದ್ರೂ ಒಂದು ರಾಜ್ಯದ ಗವರ್ನರ್‌ನ ಮನೆಗೆ ಕಳಿಸಕ್ಕೆ ಆಗಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಸಿಎಂ ಶಾಸಕರ ಬಲದ ಮೇಲೆ ನಿಂತಿರ್ತಾರೆ, ಬಹುಮತ ಹೋದ್ರೆ ಕುರ್ಚಿ ಹೋಯ್ತು, ರೆಸಾರ್ಟು ಬಸ್ಸು ಎಲ್ಲ ನೋಡಿದೀವಲ್ಲ. ಅಲ್ಲಿ ಗವರ್ನರ್‌ನ ಜನ ನೇರವಾಗಿ ಆರಿಸ್ತಾರೆ, ಶಾಸಕರನ್ನ ಬೇರೆಯಾಗಿ ಆರಿಸ್ತಾರೆ, ಎರಡೂ ಬೇರೆ ಬೇರೆ ಓಟು. ಹಾಗಾಗಿ ಗವರ್ನರ್ ಒಂದು ಪಾರ್ಟಿ, ಸದನದ ಬಹುಮತ ಇನ್ನೊಂದು ಪಾರ್ಟಿ ಅಂತ ಆದ್ರೂ ಸರ್ಕಾರ ಬೀಳಲ್ಲ, ನಾಲ್ಕು ವರ್ಷ ಇಬ್ಬರೂ ಗುದ್ದಾಡ್ಕೊಂಡು ನಡೆಸ್ಬೇಕು. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂದಹಾಗೆ ನಮ್ಮ ದೇಶದಲ್ಲೂ ರಾಜ್ಯಪಾಲರನ್ನ ಜನರೇ ಆರಿಸ್ಬೇಕು ಅನ್ನೋ ಯೋಚನೆ ಇತ್ತು. 1947ರಲ್ಲಿ ಸರ್ದಾರ್ ಪಟೇಲರು ಅಧ್ಯಕ್ಷರಾಗಿದ್ದ ಸಮಿತಿ ಹಾಗೇ ಶಿಫಾರಸು ಮಾಡಿತ್ತು. ಆದ್ರೆ ಜನರಿಂದ ಆಯ್ಕೆಯಾದ ರಾಜ್ಯಪಾಲ, ಜನರಿಂದ ಆಯ್ಕೆಯಾದ ಮುಖ್ಯಮಂತ್ರಿ ಇಬ್ಬರೂ ಇದ್ರೆ ಜಗಳ ತಪ್ಪಲ್ಲ ಅಂತ ಸಂವಿಧಾನ ಸಭೆಗೆ ಅನ್ನಿಸ್ತು, 1949ರ ಮೇ ಕೊನೆಗೆ ಆ ಯೋಚನೆ ಕೈಬಿಟ್ಟು ನೇಮಕದ ದಾರಿ ಹಿಡಿದ್ರು. ಅಮೆರಿಕದ ರಾಜ್ಯಗಳಲ್ಲಿ ಆ ಸಮಸ್ಯೆ ಹುಟ್ಟಲಿಲ್ಲ, ಯಾಕಂದ್ರೆ ಅಲ್ಲಿ ಎರಡನೇ ಕುರ್ಚಿನೇ ಇಲ್ಲ.

ಒಹಾಯೋ ಎಂಥಾ ರಾಜ್ಯ

ಜನಸಂಖ್ಯೆ 2020ರ ಗಣತಿ ಪ್ರಕಾರ ಸುಮಾರು 1 ಕೋಟಿ 18 ಲಕ್ಷ, ಅಂದ್ರೆ ಬೆಂಗಳೂರು ಒಂದರಷ್ಟೂ ಇಲ್ಲ ಅನ್ನಬಹುದು, ಆದ್ರೂ ಅಮೆರಿಕದಲ್ಲಿ ಏಳನೇ ದೊಡ್ಡ ರಾಜ್ಯ. ರಾಜಧಾನಿ ಕೊಲಂಬಸ್, ಒಟ್ಟು 88 ಕೌಂಟಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ ಅಂದ್ಕೊಳ್ಳಿ. ಕರ್ನಾಟಕ ಸಂಗೀತದ ಕಡೆ ಒಲವಿರೋರಿಗೆ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆ ಗೊತ್ತೇ ಇರುತ್ತೆ, 1978ರಿಂದ ನಡ್ಕೊಂಡು ಬಂದಿದೆ, ಆ ಕ್ಲೀವ್‌ಲ್ಯಾಂಡ್ ಇರೋದು ಇದೇ ರಾಜ್ಯದಲ್ಲಿ. ಕೊಲಂಬಸ್ ಪಕ್ಕದ ಡಬ್ಲಿನ್, ಪೊವೆಲ್ ಕಡೆ ಭಾರತೀಯರ ಮನೆಗಳು ಜಾಸ್ತಿ.

ರಾಜಕೀಯಕ್ಕೆ ಬಂದ್ರೆ, 1964ರಿಂದ 2016ರವರೆಗೆ ಒಹಾಯೋದಲ್ಲಿ ಗೆದ್ದವರೇ ಅಧ್ಯಕ್ಷರಾಗ್ತಿದ್ರು, ಒಂದು ಸಲಾನೂ ತಪ್ಪಿರಲಿಲ್ಲ. 2020ರಲ್ಲಿ ಅದು ಮುರೀತು, ಒಹಾಯೋ ಟ್ರಂಪ್‌ಗೆ ಓಟು ಹಾಕ್ತು, ದೇಶ ಬೈಡನ್‌ರನ್ನ ಆರಿಸ್ತು. ಟ್ರಂಪ್ ಇಲ್ಲಿ 2016, 2020, 2024 ಮೂರೂ ಸಲ ಗೆದ್ದಿದಾರೆ. ಗವರ್ನರ್ ಕುರ್ಚಿ ಅಂತೂ 1991ರಿಂದ ಇಲ್ಲೀವರೆಗೆ ಬಹುತೇಕ ರಿಪಬ್ಲಿಕನ್ನರದ್ದೇ, ಮಧ್ಯೆ ಟೆಡ್ ಸ್ಟ್ರಿಕ್‌ಲ್ಯಾಂಡ್ ಅನ್ನೋ ಡೆಮಾಕ್ರಟ್ 2006ರಲ್ಲಿ ಗೆದ್ದು ಒಂದೇ ಅವಧಿ ಇದ್ರು, 2010ರಲ್ಲಿ ಜಾನ್ ಕೇಸಿಕ್ ಎದುರು ಸೋತ್ರು, ಅಲ್ಲಿಂದ ಡೆಮಾಕ್ರಟಿಕ್ ಪಾರ್ಟಿಗೆ ಆ ಕುರ್ಚಿ ಸಿಕ್ಕಿಲ್ಲ.

ಈಗಿನ ಗವರ್ನರ್ ಮೈಕ್ ಡಿವೈನ್, ರಿಪಬ್ಲಿಕನ್. 2018ರಲ್ಲಿ ಕಷ್ಟಪಟ್ಟು ಗೆದ್ರು, 2022ರಲ್ಲಿ ಭರ್ಜರಿಯಾಗಿ ಗೆದ್ರು. ಒಹಾಯೋ ಸಂವಿಧಾನದಲ್ಲಿ ಸತತವಾಗಿ ಎರಡು ಅವಧಿ ಮುಗಿಸಿದವರು ಮೂರನೇ ಸಲ ನಿಲ್ಲೋ ಹಾಗಿಲ್ಲ, ಹಾಗಾಗಿ ಕುರ್ಚಿ ಈ ಸಲ ಖಾಲಿ. ಹಾಲಿ ಗವರ್ನರ್ ಇಲ್ಲದ ಚುನಾವಣೆ ಅಂದ್ರೆ ಎರಡೂ ಪಾರ್ಟಿಗೂ ಆಸೆ ಜಾಸ್ತಿ.

ವಿವೇಕ್ ರಾಮಸ್ವಾಮಿ, ರಿಪಬ್ಲಿಕನ್

1985ರಲ್ಲಿ ಸಿನ್ಸಿನಾಟಿಯಲ್ಲೇ ಹುಟ್ಟಿದವರು. ಅಪ್ಪ ಇಂಜಿನಿಯರ್, ಅಮ್ಮ ವಯಸ್ಸಾದವರ ಮನೋವೈದ್ಯೆ. ಹಾರ್ವರ್ಡಲ್ಲಿ ಬಯಾಲಜಿ, ಯೇಲ್‌ನಲ್ಲಿ ಕಾನೂನು, ಅಲ್ಲೇ ಈಗಿನ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಕೂಡ ಓದ್ತಿದ್ದದ್ದು. 2014ರಲ್ಲಿ ರೊಯ್ವಂಟ್ ಸೈನ್ಸಸ್ ಅನ್ನೋ ಔಷಧ ಕಂಪನಿ ಶುರು ಮಾಡಿದ್ರು, ದುಡ್ಡು ಬಂದಿದ್ದು ಮುಖ್ಯವಾಗಿ ಅಲ್ಲಿಂದ. ಆಮೇಲೆ 2022ರಲ್ಲಿ ಸ್ಟ್ರೈವ್ ಅನ್ನೋ ಹೂಡಿಕೆ ಕಂಪನಿ, ಕಂಪನಿಗಳು ರಾಜಕೀಯ ಸಾಮಾಜಿಕ ವಿಷಯಕ್ಕೆ ಕೈ ಹಾಕಬಾರದು ಲಾಭ ಮಾತ್ರ ನೋಡ್ಬೇಕು ಅನ್ನೋದು ಅದರ ವಾದ.

ದೇಶಕ್ಕೆಲ್ಲ ಹೆಸರು ಗೊತ್ತಾಗಿದ್ದು 2023ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಟಿಕೆಟ್ ಕೇಳಿದಾಗ. ಮೊದಲು ಓಟು ನಡೆದ ಅಯೋವಾ ರಾಜ್ಯದಲ್ಲಿ ನಾಲ್ಕನೇ ಸ್ಥಾನ ಬಂತು, 2024ರ ಜನವರಿ 15ರ ಅದೇ ರಾತ್ರಿ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ರು. ಚುನಾವಣೆ ಆದ್ಮೇಲೆ ಇಲಾನ್ ಮಸ್ಕ್ ಜೊತೆ ಸರ್ಕಾರಿ ಖರ್ಚು ಕಡಿಮೆ ಮಾಡೋ ಡೋಜ್ ಅನ್ನೋದಕ್ಕೆ ಹೆಸರು ಬಂತು, ಆದ್ರೆ ಟ್ರಂಪ್ ಪ್ರಮಾಣವಚನದ ದಿನವೇ ಅಲ್ಲಿಂದ ಹೊರಗೆ ಬಂದ್ರು. 2025ರ ಫೆಬ್ರವರಿ 24ಕ್ಕೆ ಗವರ್ನರ್ ಅಭ್ಯರ್ಥಿ ಅಂತ ಘೋಷಣೆ, ಟ್ರಂಪ್ ಬೆಂಬಲ ತಕ್ಷಣ ಬಂತು, ಮೇನಲ್ಲಿ ರಾಜ್ಯದ ರಿಪಬ್ಲಿಕನ್ ಪಾರ್ಟಿನೇ ಅವರ ಹಿಂದೆ ನಿಲ್ತು. ರೇಸ್‌ನಲ್ಲಿದ್ದ ರಾಜ್ಯದ ಅಟಾರ್ನಿ ಜನರಲ್, ಅಂದ್ರೆ ಸರ್ಕಾರದ ಮುಖ್ಯ ವಕೀಲ, ಡೇವ್ ಯೋಸ್ಟ್ ಆಗ ಹಿಂದೆ ಸರಿದ್ರು. ಒಹಾಯೋದಲ್ಲಿ ಫುಟ್‌ಬಾಲ್ ಅಂದ್ರೆ ದೇವರು, ಆ ಫುಟ್‌ಬಾಲ್ ಕೋಚ್ ಆಗಿ ಮನೆಮಾತಾಗಿ ಈಗ ಲೆಫ್ಟಿನೆಂಟ್ ಗವರ್ನರ್, ಅಂದ್ರೆ ಉಪ ಗವರ್ನರ್, ಆಗಿರೋ ಜಿಮ್ ಟ್ರೆಸೆಲ್ ನಿಲ್ತಾರಾ ಅಂತ ತುಂಬಾ ದಿನ ಜನ ಕಾದ್ರು, ಅವರೂ ಇಲ್ಲ ಅಂದ್ರು.

ರಾಮಸ್ವಾಮಿ ಭರವಸೆಗಳಲ್ಲಿ ಮುಖ್ಯವಾದ್ದು ರಾಜ್ಯದ ಆದಾಯ ತೆರಿಗೆನ ಕೊನೆಗೆ ಸೊನ್ನೆಗೆ ತರೋದು, ಮನೆ ಮೇಲಿನ ಪ್ರಾಪರ್ಟಿ ಟ್ಯಾಕ್ಸ್ ಇಳಿಸೋದು, ಟೀಚರ್‌ಗಳಿಗೆ ಸೀನಿಯಾರಿಟಿ ನೋಡಿ ಅಲ್ಲ ಕೆಲಸ ನೋಡಿ ಸಂಬಳ ಕೊಡೋದು, ಉದ್ಯಮಗಳ ಮೇಲಿನ ನಿಯಮ ಕಡಿಮೆ ಮಾಡೋದು.

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಭಾರತೀಯ ಮೂಲದವರು ಗವರ್ನರ್ ಆಗೋದು ಇದೇ ಮೊದಲಲ್ಲ, ಲೂಯಿಸಿಯಾನದಲ್ಲಿ ಬಾಬಿ ಜಿಂದಾಲ್ 2008ರಿಂದ 2016ರವರೆಗೆ, ಸೌತ್ ಕೆರೊಲೈನಾದಲ್ಲಿ ನಿಕ್ಕಿ ಹೇಲಿ 2011ರಿಂದ 2017ರವರೆಗೆ ಇದ್ರು. ಆದ್ರೆ ಅವರಿಬ್ಬರೂ ಕ್ರೈಸ್ತ ಧರ್ಮಕ್ಕೆ ಬಂದವರು. ರಾಮಸ್ವಾಮಿ ತಾವು ಹಿಂದೂ ಅಂತ ವೇದಿಕೆ ಮೇಲೆ ನಿಂತು ಹೇಳ್ಕೊಂಡು ಓಟು ಕೇಳ್ತಿದಾರೆ. ಅದಕ್ಕೆ ಅವರದೇ ಬಲಪಂಥದ ಕೆಲವರಿಂದ ಆನ್‌ಲೈನಲ್ಲಿ ಜನಾಂಗದ ಬಗ್ಗೆ ಧರ್ಮದ ಬಗ್ಗೆ ಹೊಲಸು ದಾಳಿ ಆಗ್ತಿದೆ, ಅವರು ಅದನ್ನ ಬಹಿರಂಗವಾಗಿ ಖಂಡಿಸಿ ಬರೆದಿದಾರೆ, ಮಾತಾಡಿದಾರೆ. ಇದಕ್ಕೂ ಮುಂಚೆ 2024ರ ಡಿಸೆಂಬರಲ್ಲಿ ಅಮೆರಿಕದ ಸಂಸ್ಕೃತಿ ಓದಿಗಿಂತ ಬೇರೆದಕ್ಕೆ ಬೆಲೆ ಕೊಡುತ್ತೆ ಅದಕ್ಕೇ ಕಂಪನಿಗಳು ಹೊರಗಿನ ಇಂಜಿನಿಯರ್‌ಗಳನ್ನ ಹುಡುಕ್ತವೆ ಅನ್ನೋ ಅರ್ಥದ ಪೋಸ್ಟ್ ಹಾಕಿ, ಟ್ರಂಪ್ ಬೆಂಬಲಿಗರಲ್ಲೇ ತುಂಬಾ ಜನಕ್ಕೆ ಸಿಟ್ಟು ಬರಿಸಿದ್ರು. ಅಂದ್ರೆ ಅವರ ಕಷ್ಟ ಎದುರು ಪಾರ್ಟಿಯಿಂದ ಮಾತ್ರ ಬರ್ತಿಲ್ಲ.

ಏಮಿ ಆಕ್ಟನ್, ಡೆಮಾಕ್ರಟ್

ನಮ್ಮ ಕಡೆ ಇವರ ಹೆಸರೇ ಯಾರೂ ಎತ್ತಲ್ಲ, ಅದು ಸರಿಯಲ್ಲ ಅಂತ ನನಗನ್ಸುತ್ತೆ, ಯಾಕಂದ್ರೆ ಇವರನ್ನ ಬಿಟ್ಟು ಈ ಚುನಾವಣೆ ಅರ್ಥಾನೇ ಆಗಲ್ಲ. ಯಂಗ್ಸ್‌ಟೌನ್ ಅನ್ನೋ ಹಳೇ ಉಕ್ಕಿನ ಊರಿನವರು. ಬಡತನದಲ್ಲಿ ಬೆಳೆದವರು, ಚಿಕ್ಕವರಿದ್ದಾಗ ಮನೆ ಇಲ್ಲದೆ ಟೆಂಟಲ್ಲಿ ಇದ್ದದ್ದನ್ನ ಅವರೇ ಹೇಳ್ಕೊಂಡಿದಾರೆ. ಓದಿ ಡಾಕ್ಟರ್ ಆದ್ರು, ಸಾರ್ವಜನಿಕ ಆರೋಗ್ಯದ ಕಡೆ ಹೋದ್ರು. 2019ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಮುಖ್ಯಸ್ಥೆ ಆದ್ರು, ನೇಮಿಸಿದ್ದು ಬೇರೆ ಯಾರೂ ಅಲ್ಲ, ರಿಪಬ್ಲಿಕನ್ ಗವರ್ನರ್ ಡಿವೈನ್.

ಆಮೇಲೆ ಕೋವಿಡ್ ಬಂತು. 2020ರ ಮಾರ್ಚಲ್ಲಿ ದಿನಾ ಮಧ್ಯಾಹ್ನ ಡಿವೈನ್ ಪಕ್ಕ ನಿಂತು ಬಿಳಿ ಕೋಟು ಹಾಕ್ಕೊಂಡು ಜನಕ್ಕೆ ಪರಿಸ್ಥಿತಿ ವಿವರಿಸ್ತಿದ್ರು, ಇಡೀ ರಾಜ್ಯ ಟಿವಿ ಮುಂದೆ ಕೂತು ನೋಡ್ತಿತ್ತು. ಇಡೀ ರಾಜ್ಯದಲ್ಲಿ ಸ್ಕೂಲು ಮುಚ್ಚಿದ ಮೊದಮೊದಲ ರಾಜ್ಯಗಳಲ್ಲಿ ಒಹಾಯೋ ಒಂದು, ಮಾರ್ಚ್ 17ರ ಪ್ರೈಮರಿ ಮತಗಟ್ಟೆಗಳನ್ನ ಮುಚ್ಚಿಸಿದ್ದು ಇವರ ಸಹಿ ಇದ್ದ ಆದೇಶ. ಮೊದಲು ಜನ ಹೊಗಳಿದ್ರು, ಆಮೇಲೆ ಅಂಗಡಿ ವ್ಯಾಪಾರ ನಿಂತು ಸಿಟ್ಟು ಏರಿದಾಗ ಅವರ ಮನೆ ಮುಂದೆನೇ ಪ್ರತಿಭಟನೆ ನಡೀತು. 2020ರ ಜೂನಲ್ಲಿ ರಾಜೀನಾಮೆ ಕೊಟ್ರು. 2025ರ ಜನವರಿಯಲ್ಲಿ, ಅಂದ್ರೆ ರಾಮಸ್ವಾಮಿಗಿಂತ ಮುಂಚೆನೇ, ಗವರ್ನರ್ ಸ್ಥಾನಕ್ಕೆ ನಿಲ್ತೀನಿ ಅಂತ ಹೇಳಿದ್ರು. ಮಾಜಿ ಸಂಸದ ಟಿಮ್ ರಯಾನ್ ಕೂಡ ನಿಲ್ಲೋ ಯೋಚನೆಯಲ್ಲಿದ್ರು, ಕೊನೆಗೆ ಬೇಡ ಅಂದ್ರು.

ಆಕ್ಟನ್ ಪ್ರಚಾರದ ತಿರುಳು ಮನೆ ಖರ್ಚು. ದಿನಸಿ, ಔಷಧಿ, ಕರೆಂಟು ಬಿಲ್ಲು, ಮಕ್ಕಳನ್ನ ನೋಡ್ಕೊಳ್ಳೋ ಡೇಕೇರ್ ಫೀಸು, ಸರ್ಕಾರಿ ಸ್ಕೂಲಿಗೆ ದುಡ್ಡು. ರಿಪಬ್ಲಿಕನ್ನರು ಇವರ ಮೇಲೆ ಹಾಕೋ ಮುಖ್ಯ ಆರೋಪ ಲಾಕ್‌ಡೌನ್, ಡೆಮಾಕ್ರಟರು ರಾಮಸ್ವಾಮಿ ಮೇಲೆ ಹಾಕೋ ಮುಖ್ಯ ಆರೋಪ ಶತಕೋಟ್ಯಧೀಶರಿಗೆ ಸಾಮಾನ್ಯರ ಕಷ್ಟ ಏನು ಗೊತ್ತು ಅನ್ನೋದು. ಇಬ್ಬರಲ್ಲೂ ಒಂದು ಸಾಮ್ಯ ಇದೆ, ಇಬ್ಬರೂ ಇಲ್ಲೀವರೆಗೆ ಯಾವ ಚುನಾಯಿತ ಹುದ್ದೆಯಲ್ಲೂ ಕೂತಿಲ್ಲ.

ಜೋಡಿಯಾಗಿ ನಿಲ್ಲೋದು

ಒಹಾಯೋದಲ್ಲಿ 1978ರಿಂದ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಒಂದೇ ಜೋಡಿಯಾಗಿ ನಿಲ್ತಾರೆ, ಒಂದೇ ಓಟು ಇಬ್ಬರಿಗೂ ಹೋಗುತ್ತೆ. ಗವರ್ನರ್ ತೀರಿಕೊಂಡ್ರೆ ಅಥವಾ ಬಿಟ್ಟು ಹೋದ್ರೆ ಕುರ್ಚಿ ಲೆಫ್ಟಿನೆಂಟ್ ಗವರ್ನರ್‌ಗೆ. ರಾಮಸ್ವಾಮಿ ಆರಿಸ್ಕೊಂಡಿರೋದು ರಾಬ್ ಮೆಕಾಲಿ ಅವರನ್ನ, ರಾಜ್ಯ ಸೆನೆಟ್‌ನ, ಅಂದ್ರೆ ರಾಜ್ಯದ ಮೇಲ್ಮನೆಯ, ಅಧ್ಯಕ್ಷರು, ಸದನದ ಒಳಹೊರಗು ಬಲ್ಲವರು, ಆಡಳಿತ ಗೊತ್ತಿಲ್ಲ ಅನ್ನೋ ಮಾತಿಗೆ ಉತ್ತರ ಅದು. ಆಕ್ಟನ್ ಜೊತೆ ಇರೋದು ಡೇವಿಡ್ ಪೆಪ್ಪರ್, ರಾಜ್ಯದ ಡೆಮಾಕ್ರಟಿಕ್ ಪಾರ್ಟಿ ಅಧ್ಯಕ್ಷರಾಗಿದ್ದವರು, ಸಿನ್ಸಿನಾಟಿಯವರು.

ಆದ್ರೆ ಅಟಾರ್ನಿ ಜನರಲ್, ಚುನಾವಣೆ ನಡೆಸೋ ಸೆಕ್ರೆಟರಿ ಆಫ್ ಸ್ಟೇಟ್, ಆಡಿಟರ್, ಖಜಾಂಚಿ ಇವರನ್ನೆಲ್ಲ ಜನ ಬೇರೆ ಬೇರೆಯಾಗಿ ಆರಿಸ್ತಾರೆ. ನಮ್ಮಲ್ಲಿ ಸಿಎಂ ತಮ್ಮ ಮಂತ್ರಿಮಂಡಲ ತಾವೇ ಕಟ್ಟೋ ಹಾಗೆ ಅಲ್ಲಿ ಪೂರ್ತಿ ಆಗಲ್ಲ, ಗವರ್ನರ್ ಒಂದು ಪಾರ್ಟಿ ಅಟಾರ್ನಿ ಜನರಲ್ ಇನ್ನೊಂದು ಪಾರ್ಟಿ ಆಗಬಹುದು.

ಪ್ರೈಮರಿ ಅಂದ್ರೇನು

ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನೋದು ಹೈಕಮಾಂಡ್ ತೀರ್ಮಾನ, ದಿಲ್ಲಿಗೆ ಹೋಗಿ ಕೂರ್ಬೇಕು. ಅಲ್ಲಿ ಟಿಕೆಟ್ ಕೊಡೋದು ಮತದಾರರು, ಅದಕ್ಕೆ ಇರೋದೇ ಪ್ರೈಮರಿ. ಒಹಾಯೋದಲ್ಲಿ ಓಟರ್ ಲಿಸ್ಟಿಗೆ ಸೇರುವಾಗ ಯಾವ ಪಾರ್ಟಿ ಅಂತ ಬರೆಸ್ಬೇಕಾಗಿಲ್ಲ, ಪ್ರೈಮರಿ ದಿನ ಹೋಗಿ ನನಗೆ ರಿಪಬ್ಲಿಕನ್ ಬ್ಯಾಲೆಟ್ ಕೊಡಿ ಅಥವಾ ಡೆಮಾಕ್ರಟಿಕ್ ಬ್ಯಾಲೆಟ್ ಕೊಡಿ ಅಂತ ಕೇಳಿದ್ರೆ ಸಾಕು, ಎರಡನ್ನೂ ಕೇಳೋ ಹಾಗಿಲ್ಲ.

ರಾಮಸ್ವಾಮಿಗೆ ಪಾರ್ಟಿ ಬೆಂಬಲ ಇದ್ರೂ ಪ್ರೈಮರಿ ತಪ್ಪಿದ್ದಲ್ಲ, ಕಾರ್ ಇಂಜಿನಿಯರಿಂಗ್ ಕಡೆಯಿಂದ ಬಂದಿರೋ ಕೇಸಿ ಪುಚ್ ಅನ್ನೋರು ಅವರ ಎದುರು ನಿಂತಿದಾರೆ. ಈ ಪ್ರೈಮರಿಯಲ್ಲಿ ನೋಡ್ಬೇಕಾದ್ದು ರಾಮಸ್ವಾಮಿಗೆ ಎಷ್ಟು ಶೇಕಡಾ ಬೀಳುತ್ತೆ ಅನ್ನೋದು, ಸ್ವಂತ ಪಾರ್ಟಿಯಲ್ಲಿ ಅಸಮಾಧಾನ ಎಷ್ಟಿದೆ ಅಂತ ಅಲ್ಲಿ ಗೊತ್ತಾಗುತ್ತೆ.

ಮುಖ್ಯ ಚುನಾವಣೆಯಲ್ಲಿ ನಮ್ಮ ಹಾಗೇನೇ, ಯಾರಿಗೆ ಜಾಸ್ತಿ ಓಟು ಬಿತ್ತೋ ಅವರು ಗೆದ್ದರು, ಅರ್ಧಕ್ಕಿಂತ ಹೆಚ್ಚು ಬೇಕು ಅಂತಿಲ್ಲ, ಎರಡನೇ ಸುತ್ತು ಅಂತಿಲ್ಲ.

ಗವರ್ನರ್ ಕೈಯಲ್ಲಿ ಏನಿದೆ

ಮೊದಲನೇದು ವೀಟೋ. ಸದನ ಪಾಸ್ ಮಾಡಿದ ಬಿಲ್ ಬೇಡ ಅಂತ ಗವರ್ನರ್ ವಾಪಸ್ ಕಳಿಸಬಹುದು. ಬಜೆಟ್ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಅಧಿಕಾರ ಇದೆ, ಅದಕ್ಕೆ ಲೈನ್ ಐಟಂ ವೀಟೋ ಅಂತಾರೆ. ತಿಂಗಳ ದಿನಸಿ ಚೀಟಿ ಬರೆದು ಮನೆ ಯಜಮಾನಿ ಕೈಗೆ ಕೊಟ್ಟಾಗ ಅವರು ಇಡೀ ಚೀಟಿ ಹರಿಯಲ್ಲ, ಇದು ಬೇಡ ಇದು ಬೇಡ ಅಂತ ನಾಲ್ಕು ಐಟಂಗೆ ಗೀಟು ಹಾಕಿ ಉಳಿದದ್ದು ತರಿಸ್ತಾರಲ್ಲ, ಅದೇ ಲೆಕ್ಕ. ಡಿವೈನ್ 2025ರ ಬಜೆಟ್‌ನಲ್ಲಿ 67 ಕಡೆ ಹೀಗೆ ಗೀಟು ಹಾಕಿದ್ರು, ಅದೂ ತಮ್ಮದೇ ಪಾರ್ಟಿ ಸದನ ಕಳಿಸಿದ ಬಜೆಟ್‌ಗೆ.

ಆದ್ರೆ ವೀಟೋ ಕೊನೇ ಮಾತಲ್ಲ. ಎರಡೂ ಸದನದಲ್ಲಿ ಐದರಲ್ಲಿ ಮೂರು ಭಾಗ ಓಟು ಬಿದ್ರೆ ವೀಟೋ ಬಿದ್ದುಹೋಗುತ್ತೆ. ಕೆಳಮನೆಯಲ್ಲಿ 99 ಜನ, ಅಲ್ಲಿ 60 ಬೇಕು, ಸೆನೆಟ್‌ನಲ್ಲಿ 33 ಜನ, ಅಲ್ಲಿ 20 ಬೇಕು. ಈಗ ರಿಪಬ್ಲಿಕನ್ನರ ಹತ್ತಿರ 65 ಮತ್ತು 24 ಇದೆ. ಲೆಕ್ಕ ನೋಡಿ, ಆಕ್ಟನ್ ಗೆದ್ದು ಸದನದ ಬಲ ಹೀಗೇ ಉಳಿದ್ರೆ ಅವರು ಹಾಕೋ ಯಾವ ವೀಟೋನ ಬೇಕಾದ್ರೂ ಸದನ ತಳ್ಳಿಹಾಕಬಹುದು. ಹಾಗಾಗಿ ಡೆಮಾಕ್ರಟರಿಗೆ ಕುರ್ಚಿ ಗೆಲ್ಲೋದರ ಜೊತೆಗೆ ಕೆಳಮನೆಯಲ್ಲಿ ಆರು ಸೀಟು ಕಿತ್ಕೊಳ್ಳೋದೂ ಅಷ್ಟೇ ಮುಖ್ಯ, ಯಾಕಂದ್ರೆ ಒಂದು ಸದನದಲ್ಲಿ ತಡೆದ್ರೂ ವೀಟೋ ಉಳಿಯುತ್ತೆ. ರಾಮಸ್ವಾಮಿಗೆ ಈ ಚಿಂತೆ ಕಡಿಮೆ, ಆದ್ರೆ ಇಲ್ಲ ಅಂತಲ್ಲ, ಡಿವೈನ್‌ದೇ ಉದಾಹರಣೆ ಇದೆ, ಲಿಂಗ ಪರಿವರ್ತನೆ ಚಿಕಿತ್ಸೆನ 18 ವರ್ಷದ ಒಳಗಿನವರಿಗೆ ನಿಷೇಧಿಸೋ ಬಿಲ್‌ನ ಅವರು 2023ರ ಡಿಸೆಂಬರಲ್ಲಿ ವೀಟೋ ಮಾಡಿದ್ರು, ಮುಂದಿನ ತಿಂಗಳೇ ಅವರ ಪಾರ್ಟಿಯವರೇ ಅದನ್ನ ತಳ್ಳಿಹಾಕಿದ್ರು.

ಲಾಕ್‌ಡೌನ್ ಮಾತೂ ಇಲ್ಲೇ ಬರುತ್ತೆ. ಆಕ್ಟನ್ ಗೆದ್ರೆ ಮತ್ತೆ ರಾಜ್ಯ ಮುಚ್ಚಿಬಿಡ್ತಾರೆ ಅನ್ನೋ ಪ್ರಚಾರ ಕೇಳಿಬರುತ್ತೆ. 2021ರಲ್ಲಿ ಸದನ ಒಂದು ಕಾನೂನು ತಂತು, ಗವರ್ನರ್ ಅಥವಾ ಆರೋಗ್ಯ ಇಲಾಖೆ ಹೊರಡಿಸೋ ತುರ್ತು ಆದೇಶಗಳನ್ನ ಶಾಸಕರು ರದ್ದು ಮಾಡಬಹುದು ಅಂತ. ಡಿವೈನ್ ಅದಕ್ಕೂ ವೀಟೋ ಹಾಕಿದ್ರು, ಸದನ ಅದನ್ನೂ ತಳ್ಳಿಹಾಕ್ತು, ಈಗ ಅದು ಕಾನೂನು. ಹಾಗಾಗಿ ಗೆದ್ದವರು ಯಾರೇ ಆಗ್ಲಿ 2020ರ ಥರ ಆದೇಶನ ಸದನದ ಒಪ್ಪಿಗೆ ಇಲ್ಲದೆ ತುಂಬಾ ದಿನ ನಡೆಸಕ್ಕಾಗಲ್ಲ.

ಇನ್ನು ಕ್ಷಮಾದಾನ. ಒಹಾಯೋದಲ್ಲಿ ಮರಣದಂಡನೆ ಕಾನೂನು ಇದೆ, ಆದ್ರೆ 2018ರ ಜುಲೈ ನಂತರ ಒಂದೂ ಜಾರಿ ಆಗಿಲ್ಲ. ಇಂಜೆಕ್ಷನ್‌ಗೆ ಬೇಕಾದ ಔಷಧ ಸಿಕ್ತಿಲ್ಲ ಅನ್ನೋ ಕಾರಣಕ್ಕೆ ಡಿವೈನ್ ಒಂದೊಂದೇ ದಿನಾಂಕ ಮುಂದೂಡ್ತಾ ಬಂದಿದಾರೆ. ಮುಂದಿನ ಗವರ್ನರ್ ಹಾಗೇ ಮುಂದುವರಿಸ್ತಾರಾ ಇಲ್ವಾ ಅನ್ನೋದು ಪೂರ್ತಿ ಅವರ ಕೈಯಲ್ಲಿದೆ, ಒಬ್ಬ ವ್ಯಕ್ತಿಯ ಸಹಿಗೆ ಇಷ್ಟು ಭಾರ ಇರೋ ಅಧಿಕಾರ ಬೇರೆ ಇಲ್ಲ.

ಮತ್ತೆ ನೇಮಕ. ಜೆ.ಡಿ. ವ್ಯಾನ್ಸ್ ಉಪಾಧ್ಯಕ್ಷರಾದಾಗ ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ (ರಾಜ್ಯದ ಸೆನೆಟ್ ಅಲ್ಲ) ಅವರ ಸೀಟು ಖಾಲಿ ಆಯ್ತು, ಅದಕ್ಕೆ ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜಾನ್ ಹಸ್ಟೆಡ್‌ರನ್ನ ಕಳಿಸಿದ್ದು ಡಿವೈನ್. ರಾಜ್ಯದ ಕ್ಷೇತ್ರಗಳ ಗಡಿ ಗೀಚೋ ಏಳು ಜನರ ಆಯೋಗದಲ್ಲೂ ಗವರ್ನರ್‌ಗೆ ಒಂದು ಸ್ಥಾನ ಇದೆ.

ಪ್ರಾಪರ್ಟಿ ಟ್ಯಾಕ್ಸ್ ಯಾಕೆ ಇಷ್ಟು ದೊಡ್ಡ ಜಗಳ

ಒಹಾಯೋದಲ್ಲಿ ಯಾರನ್ನ ಕೇಳಿದ್ರೂ ಮೊದಲು ಬರೋ ದೂರು ಇದೇ. ಅಲ್ಲಿ ಸರ್ಕಾರಿ ಸ್ಕೂಲುಗಳು ತುಂಬಾ ಮಟ್ಟಿಗೆ ನಡೆಯೋದು ಆಯಾ ಊರಿನ ಮನೆ ತೆರಿಗೆ ದುಡ್ಡಲ್ಲಿ. ಮನೆ ಬೆಲೆ ಎಷ್ಟು ಅಂತ ಕೌಂಟಿಯವರು ಆರು ವರ್ಷಕ್ಕೊಮ್ಮೆ ಪೂರ್ತಿ ಲೆಕ್ಕ ಹಾಕ್ತಾರೆ, ಮಧ್ಯೆ ಮೂರು ವರ್ಷಕ್ಕೆ ಒಂದು ಸಲ ತಿದ್ದುತ್ತಾರೆ. ಕೋವಿಡ್ ಆದ್ಮೇಲೆ ಮನೆ ಬೆಲೆ ಏರಿ ಹೋಯ್ತು, ಅದರ ಜೊತೆ ಎಷ್ಟೋ ಕಡೆ ತೆರಿಗೆನೂ ಏರಿತು, ಆದ್ರೆ ಅದೇ ಮನೆಯಲ್ಲಿ ಮೂವತ್ತು ನಲವತ್ತು ವರ್ಷದಿಂದ ಇರೋ ಪೆನ್ಶನ್ ಅಜ್ಜಿಗೆ ಆದಾಯ ಏರಿಲ್ಲ, ಮನೆ ಮಾರೋ ಯೋಚನೆನೂ ಇಲ್ಲ, ಬೆಲೆ ಏರಿದ್ರಿಂದ ಕೈಗೆ ಒಂದು ಡಾಲರ್ ಬಂದಿಲ್ಲ, ಬಿಲ್ಲು ಮಾತ್ರ ಬಂತು.

ಸಿಟ್ಟು ಎಷ್ಟರ ಮಟ್ಟಿಗೆ ಅಂದ್ರೆ ಪ್ರಾಪರ್ಟಿ ಟ್ಯಾಕ್ಸ್ ಪೂರ್ತಿ ತೆಗೆದುಹಾಕೋ ಸಂವಿಧಾನ ತಿದ್ದುಪಡಿ ಬೇಕು ಅಂತ ಜನ ಸಹಿ ಸಂಗ್ರಹ ಶುರು ಮಾಡಿದ್ರು. ಅಂಥ ತಿದ್ದುಪಡಿ ಮತದಾನಕ್ಕೆ ಬರ್ಬೇಕು ಅಂದ್ರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಓಟಿನ ಶೇಕಡಾ 10ರಷ್ಟು ಸಹಿ ಬೇಕು, ಈಗಿನ ಲೆಕ್ಕಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು. ಡಿವೈನ್ ಒಂದು ಸಮಿತಿ ಮಾಡಿ 2025ರ ಡಿಸೆಂಬರಲ್ಲಿ ತೆರಿಗೆ ಏರಿಕೆಗೆ ಕಡಿವಾಣ ಹಾಕೋ ಒಂದಷ್ಟು ಬಿಲ್‌ಗಳಿಗೆ ಸಹಿ ಹಾಕಿದ್ರು, ಆದ್ರೂ ವಿಷಯ ತಣ್ಣಗಾಗಿಲ್ಲ.

ಕಷ್ಟ ಇರೋದು ಇಲ್ಲಿ. ಮನೆ ತೆರಿಗೆ ಇಳಿಸಿದ್ರೆ ಸ್ಕೂಲಿಗೆ ದುಡ್ಡು ರಾಜ್ಯದ ಖಜಾನೆಯಿಂದ ಬರ್ಬೇಕು. ರಾಜ್ಯದ ಆದಾಯ ತೆರಿಗೆನ ಈಗಾಗಲೇ 2026ರಿಂದ ಎಲ್ಲರಿಗೂ ಒಂದೇ ದರ ಶೇಕಡಾ 2.75ಕ್ಕೆ ಇಳಿಸಿ ಆಗಿದೆ, ಸುಮಾರು 26 ಸಾವಿರ ಡಾಲರ್ ಒಳಗಿನ ಆದಾಯಕ್ಕೆ ಅದೂ ಇಲ್ಲ. ಅದನ್ನೂ ಸೊನ್ನೆಗೆ ತಂದ್ರೆ ಉಳಿದದ್ದು ಮುಖ್ಯವಾಗಿ ಸೇಲ್ಸ್ ಟ್ಯಾಕ್ಸ್, ಅದು ಬಡವರಿಗೂ ಶ್ರೀಮಂತರಿಗೂ ಅಂಗಡಿಯಲ್ಲಿ ಒಂದೇ ದರ. ಖರ್ಚು ಕಡಿತ ಮಾಡಿ, ಉದ್ಯಮ ಬೆಳೆಸಿ ಇದನ್ನ ಸರಿದೂಗಿಸಬಹುದು ಅಂತ ರಾಮಸ್ವಾಮಿ ಕಡೆಯವರು ಹೇಳ್ತಾರೆ, ಸ್ಕೂಲು ಸೊರಗುತ್ತೆ ಅಂತ ಆಕ್ಟನ್ ಕಡೆಯವರು ಹೇಳ್ತಾರೆ. ಅಂದಹಾಗೆ ಮನೆ ತೆರಿಗೆ ಮೇಲೆ ಇಷ್ಟೊಂದು ಆತುಕೊಂಡು ಸ್ಕೂಲು ನಡೆಸೋದು ಸಂವಿಧಾನಕ್ಕೆ ವಿರುದ್ಧ ಅಂತ ಒಹಾಯೋ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು, ಅಲ್ಲಿಂದ ಎಷ್ಟೋ ಗವರ್ನರ್‌ಗಳು ಬಂದು ಹೋದ್ರು, ಪೂರ್ತಿ ಪರಿಹಾರ ಇನ್ನೂ ಆಗಿಲ್ಲ. ಹಾಗಾಗಿ ಇಬ್ಬರಲ್ಲಿ ಯಾರ ಭಾಷಣ ಕೇಳಿದ್ರೂ ತೆರಿಗೆ ಇಳಿಸ್ತೀವಿ ಅನ್ನೋ ಮಾತಿನ ಹಿಂದೆನೇ ಸ್ಕೂಲಿಗೆ ಎಲ್ಲಿಂದ ತರ್ತೀರಿ ಅನ್ನೋದಕ್ಕೆ ಉತ್ತರ ಇದೆಯಾ ಅಂತ ನೋಡಿ.

ವೀಸಾ ಇವರ ಕೈಯಲ್ಲಿಲ್ಲ

ನಮ್ಮೋರು ಗೆದ್ರೆ ಎಚ್-1ಬಿ ಸಲೀಸಾಗುತ್ತಾ ಅಂತ ಕೇಳೋರು ತುಂಬಾ ಜನ. ಇಲ್ಲ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲ ಕೇಂದ್ರ ಸರ್ಕಾರದ ಕೈಯಲ್ಲಿರೋದು, ಯಾವ ರಾಜ್ಯದ ಗವರ್ನರ್‌ಗೂ ಅದರಲ್ಲಿ ಅಧಿಕಾರ ಇಲ್ಲ. ಜೊತೆಗೆ ರಾಮಸ್ವಾಮಿ ಅಧ್ಯಕ್ಷ ಸ್ಥಾನಕ್ಕೆ ಓಡುವಾಗಲೇ ಎಚ್-1ಬಿ ಲಾಟರಿ ಪದ್ಧತಿ ಕಿತ್ತುಹಾಕಿ ಅರ್ಹತೆ ಮೇಲೆ ಕೊಡ್ಬೇಕು ಅಂದವರು. ವಿದೇಶಾಂಗ, ಸುಂಕ, ಸೇನೆ ಇವೂ ಅಷ್ಟೇ, ಗವರ್ನರ್ ಕೈಲಿರೋದು ರಾಜ್ಯದ ನ್ಯಾಷನಲ್ ಗಾರ್ಡ್ ಮಾತ್ರ, ಅದನ್ನೂ ಬೇಕಾದಾಗ ಅಧ್ಯಕ್ಷರು ಕೇಂದ್ರದ ಸುಪರ್ದಿಗೆ ತಗೋಬಹುದು.

ಓಟು ಯಾರಿಗಿದೆ

ಅಮೆರಿಕದ ಪ್ರಜೆ ಆಗಿರ್ಬೇಕು, 18 ತುಂಬಿರ್ಬೇಕು, ಚುನಾವಣೆಗೆ 30 ದಿನ ಮುಂಚೆನೇ ಹೆಸರು ನೋಂದಾಯಿಸಿರ್ಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ ಓಟಿಲ್ಲ, ವರ್ಕ್ ವೀಸಾದವರಿಗೂ ಇಲ್ಲ. ಇದನ್ನ ಗಟ್ಟಿಯಾಗಿ ಹೇಳ್ಬೇಕು, ಯಾಕಂದ್ರೆ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಗೊತ್ತಿಲ್ಲದೆ ಓಟರ್ ಫಾರ್ಮ್‌ಗೆ ಸಹಿ ಹಾಕಿಬಿಟ್ರೆ ಮುಂದೆ ಪೌರತ್ವದ ಅರ್ಜಿಗೇ ಕುತ್ತು ಬರಬಹುದು. ಮತಗಟ್ಟೆಯಲ್ಲಿ ಫೋಟೋ ಇರೋ ಗುರುತಿನ ಚೀಟಿ ಬೇಕು. ಪೋಸ್ಟಲ್ಲಿ ಓಟು ಕಳಿಸೋರು ಒಂದು ಬದಲಾವಣೆ ಗಮನಿಸಿ, ಮೊದಲು ಚುನಾವಣೆ ದಿನದ ಮುಂಚೆ ಪೋಸ್ಟ್ ಮಾಡಿದ್ರೆ ನಾಲ್ಕು ದಿನ ತಡವಾಗಿ ಬಂದ್ರೂ ಲೆಕ್ಕಕ್ಕೆ ತಗೋತಿದ್ರು, 2025ರ ಡಿಸೆಂಬರಲ್ಲಿ ಸಹಿಯಾದ ಕಾನೂನು ಅದನ್ನ ತೆಗೆದುಹಾಕಿದೆ, ಮತದಾನ ಮುಗಿಯೋದರೊಳಗೆ ಬ್ಯಾಲೆಟ್ ಕಚೇರಿಗೆ ತಲುಪಿರ್ಬೇಕು.

ಫಲಿತಾಂಶದ ದಿನ ಎಲ್ಲಿ ಕಣ್ಣಿಡಬೇಕು

ಇಲ್ಲೀವರೆಗೆ ಬಂದಿರೋ ಸಮೀಕ್ಷೆಗಳಲ್ಲಿ ಹಲವು ಇಬ್ಬರ ನಡುವೆ ಅಂತರ ತೀರಾ ಕಡಿಮೆ ಅಂತ ತೋರಿಸಿವೆ. ಟ್ರಂಪ್ 2024ರಲ್ಲಿ ಸುಮಾರು 11 ಪಾಯಿಂಟ್ ಅಂತರದಲ್ಲಿ ಗೆದ್ದ ರಾಜ್ಯದಲ್ಲಿ ಇದು ಸಣ್ಣ ವಿಷಯ ಅಲ್ಲ, ಆದ್ರೆ ಹಿಂದೆನೂ ಒಹಾಯೋ ಸಮೀಕ್ಷೆಗಳು ಡೆಮಾಕ್ರಟರ ಬಲ ಇದ್ದದ್ದಕ್ಕಿಂತ ಜಾಸ್ತಿ ತೋರಿಸಿದ್ದುಂಟು, ಅದಕ್ಕೆ ಬರೀ ಅದನ್ನೇ ನಂಬಿ ಕೂರೋ ಹಾಗಿಲ್ಲ. ಅದೇ ದಿನ ಒಹಾಯೋದಲ್ಲಿ ವಾಷಿಂಗ್ಟನ್ನಿನ ಆ ಸೆನೆಟ್ ಸೀಟಿಗೂ ಹಸ್ಟೆಡ್ ಮತ್ತು ಹಳೇ ಡೆಮಾಕ್ರಟ್ ಶೆರಾಡ್ ಬ್ರೌನ್ ನಡುವೆ ಪೈಪೋಟಿ ಇರೋ ಲಕ್ಷಣ ಇದೆ, ಹಾಗಾಗಿ ಓಟಿಗೆ ಬರೋ ಜನ ಜಾಸ್ತಿ ಇರಬಹುದು.

ಮತದಾನ ಮುಗಿಯೋದು ಅಲ್ಲಿನ ಸಂಜೆ 7:30ಕ್ಕೆ, ನಮಗೆ ಆಗ ನವೆಂಬರ್ 4ರ ಬೆಳಗ್ಗೆ 6 ಗಂಟೆ. ಮೊದಲು ಬರೋದು ಮುಂಚಿತವಾಗಿ ಹಾಕಿದ ಓಟು, ಅದರಲ್ಲಿ ಡೆಮಾಕ್ರಟರು ಮುಂದೆ ಇರೋದು ಮಾಮೂಲಿ, ಅದನ್ನ ನೋಡಿ ಯಾರೂ ತೀರ್ಮಾನಕ್ಕೆ ಬರಬೇಡಿ. ಕೊಲಂಬಸ್ ಇರೋ ಫ್ರಾಂಕ್ಲಿನ್, ಕ್ಲೀವ್‌ಲ್ಯಾಂಡ್ ಇರೋ ಕಯಾಹೋಗ, ಸಿನ್ಸಿನಾಟಿ ಇರೋ ಹ್ಯಾಮಿಲ್ಟನ್ ಈ ಮೂರು ಕೌಂಟಿಯಲ್ಲಿ ಆಕ್ಟನ್‌ಗೆ ದೊಡ್ಡ ಅಂತರ ಬೇಕೇ ಬೇಕು. ಅದಕ್ಕಿಂತ ಹೆಚ್ಚು ಹೇಳೋದು ಎರಡು ಕೌಂಟಿ. ಒಂದು ಮಹೋನಿಂಗ್, ಆಕ್ಟನ್ ಹುಟ್ಟೂರು ಯಂಗ್ಸ್‌ಟೌನ್ ಇರೋದಲ್ಲಿ, ಕಾರ್ಮಿಕರ ಊರು, ದಶಕಗಳ ಕಾಲ ಡೆಮಾಕ್ರಟರ ಜೊತೆ ಇದ್ದು 2020ರಲ್ಲಿ ಟ್ರಂಪ್ ಕಡೆ ತಿರುಗಿದ್ದು. ಇನ್ನೊಂದು ಕೊಲಂಬಸ್ ಉತ್ತರಕ್ಕಿರೋ ಡೆಲಾವೇರ್, ಓದಿದವರು ಅನುಕೂಲಸ್ಥರು ಜಾಸ್ತಿ ಇರೋ ರಿಪಬ್ಲಿಕನ್ ಕೌಂಟಿ, ಭಾರತೀಯ ಕುಟುಂಬಗಳೂ ಸಾಕಷ್ಟಿವೆ, ಅಲ್ಲಿ ರಿಪಬ್ಲಿಕನ್ ಅಂತರ ವರ್ಷ ವರ್ಷ ಕಡಿಮೆ ಆಗ್ತಾ ಬಂದಿದೆ. ಮಹೋನಿಂಗ್ ವಾಪಸ್ ಬಂದು ಡೆಲಾವೇರ್ ಬಿಗಿಯಾದ್ರೆ ಆಕ್ಟನ್ ದಾರಿ ಸಲೀಸು, ಎರಡೂ ಇದ್ದ ಹಾಗೇ ಇದ್ರೆ ರಾಮಸ್ವಾಮಿ. ಗೆದ್ದವರು ಅಧಿಕಾರ ವಹಿಸ್ಕೊಳ್ಳೋದು 2027ರ ಜನವರಿ ಎರಡನೇ ಸೋಮವಾರ, ಅಂದ್ರೆ 11ನೇ ತಾರೀಕು.